ಉಂಡವರಿಗೆ ಗೊತ್ತಿತ್ತು, ಬಡಿಸಿದವರಿಗೆ ಗೊತ್ತಿರಲಿಲ್ಲ

ಪ್ರವಾಸೋದ್ಯಮ ಕಲಿಸಲು ನನ್ನನ್ನು ಆರಿಸಿದ್ದು ನನ್ನ ಕಾಲುಗಳನ್ನು ನೋಡಿ. ಹೀಗೆಂದರೆ ನೀವು ನಗುತ್ತೀರಿ, ನಗಿರಿ. ನಾನು ಜಮಖಂಡಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಂಡಿದ್ದವನು. ಯುಗಾದಿಗೆ ಮುಂಚೆ ನಮ್ಮ ಕಡೆಯ ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರಲ್ಲ, ಅವರ ಜೊತೆ ನಾನೂ ಪ್ರತಿವರ್ಷ ರಜೆ ಹಾಕಿ ನಡೆಯುತ್ತಿದ್ದೆ. ಹೊಸ ಕೋರ್ಸು ಮಂಜೂರಾದ ದಿನ ಪ್ರಾಂಶುಪಾಲರು ಕರೆದು ಕೂರಿಸಿದರು.

“ಮಾಸ್ತರ, ನಿಮಗ ತಿರುಗಾಡೂ ಹುಚ್ಚು ಐತೆಲ್ಲ, ಈ ಟೂರಿಸಮ್ ನೀವ ತಗೋರಿ.”

“ಸರ್ರ, ನಾ ಹೋಗೂದು ಮಲ್ಲಯ್ಯನ ಕಡೆ. ಅದರಾಗ ಟೂರಿಸಮ್ ಏನ ಬಂತ್ರಿ?”

“ಹೊಕ್ಕೀರಿ, ಬರ್ತೀರಿ. ಮತ್ತೇನ ಬೇಕು?”

ಹೀಗೆ ನಾನು ಪ್ರವಾಸೋದ್ಯಮದ ಮಾಸ್ತರನಾದೆ. ದೇಶ ಸುತ್ತಬೇಕು, ಕೋಶ ಓದಬೇಕು ಅನ್ನುತ್ತಾರೆ. ನಾನು ಕೋಶವನ್ನಷ್ಟೇ ಓದಿ ದೇಶದ ಬಗ್ಗೆ ಪಾಠ ಮಾಡಿದೆ. ವಿಮಾನದ ಟಿಕೆಟ್ಟನ್ನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದೆ. ಆಗ ನಾನು ವಿಮಾನವನ್ನು ನೋಡಿದ್ದು ತಲೆ ಮೇಲೆತ್ತಿ ಮಾತ್ರ. ರಸಾಯನಶಾಸ್ತ್ರ ವಿಭಾಗದಿಂದ ಒಂದು ಹಳೆಯ ಮೇಜು ಬೇಡಿ ತಂದು, ಆಸಿಡ್ಡು ಸುಟ್ಟ ಕಲೆ ಕಾಣದಂತೆ ಬಟ್ಟೆ ಹೊದಿಸಿ, ಅದನ್ನೇ ದೊಡ್ಡ ಹೋಟೆಲಿನ ಸ್ವಾಗತ ಕಟ್ಟೆ ಮಾಡಿದ್ದೆವು. ಬೀಳಗಿ, ಮುಧೋಳ, ಚಿಮ್ಮಡದಿಂದ ಬಸ್ಸು ಹಿಡಿದು ಬರುವ ಹುಡುಗ ಹುಡುಗಿಯರು ಸರದಿಯ ಮೇಲೆ ಆ ಮೇಜಿನ ಹಿಂದೆ ನಿಂತು, ಇಲ್ಲದ ಅತಿಥಿಗೆ ಇಲ್ಲದ ಕೋಣೆಯ ಇಲ್ಲದ ಬೀಗದಕೈ ಕೊಡುತ್ತಿದ್ದರು. ನಾನು ಎದುರು ನಿಂತು “ಹಲ್ಲು ಕಾಣಲಿ, ಹಲ್ಲು ಕಾಣಲಿ” ಅನ್ನುತ್ತಿದ್ದೆ. ಪಕ್ಕದ ಕೋಣೆಯ ಅರ್ಥಶಾಸ್ತ್ರದವರು ನನ್ನ ವಿಭಾಗಕ್ಕೆ ದಂತವೈದ್ಯ ವಿಭಾಗ ಎಂದು ಹೆಸರಿಟ್ಟಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಒಳಗೊಳಗೆ ಅವರು ಹೇಳುವುದು ಖರೆ ಅನಿಸುತ್ತಿತ್ತು.

ಈಗ ಈ ಕೆಲಸಕ್ಕೆ ಬರುತ್ತಿರುವ ಹೊಸ ಅಧ್ಯಾಪಕರು ಕೇಳುತ್ತಾರೆ, ನಿಮ್ಮ ಕಾಲದಲ್ಲಿ ವಿದ್ಯಾರ್ಥಿಗಳಿಗೆ ಕೆಲಸ ಸಿಗುತ್ತಿತ್ತೇ ಎಂದು. ಸಿಗುತ್ತಿತ್ತು ಎಂದು ನಾವು ಹೇಳುತ್ತಿದ್ದೆವು. ಬೇಸಿಗೆಯಲ್ಲಿ ಪ್ರವೇಶದ ದಿನಗಳು ಬಂದವೆಂದರೆ ಮೇಲಿನವರು ನಮ್ಮನ್ನು ಹಳ್ಳಿಹಳ್ಳಿಗೆ ಅಟ್ಟುತ್ತಿದ್ದರು. ಹುಡುಗರು ಬಾರದಿದ್ದರೆ ವಿಭಾಗ ಮುಚ್ಚುತ್ತದೆ, ವಿಭಾಗ ಮುಚ್ಚಿದರೆ ನೀವೂ ಮುಚ್ಚಿದಂತೆ ಎಂಬ ಬೆದರಿಕೆ ಬೇರೆ. ಕಟ್ಟೆಯ ಮೇಲೆ ಕೂತ ಹಿರಿಯರು ಕೇಳುವ ಪ್ರಶ್ನೆ ಎಲ್ಲ ಊರಲ್ಲೂ ಒಂದೇ: “ಇದನ್ನ ಕಲತ್ರ ಮುಂದೇನ್ರಿ?” ನಾನು ಬಾದಾಮಿಯಿಂದ ಹಿಡಿದು ದುಬೈವರೆಗೆ ಬಡಾಯಿ ಬಿಡುತ್ತಿದ್ದೆ. ಮೂರು ವರ್ಷ ಕಳೆದು ಅದೇ ಊರಿನ ಹುಡುಗ ಮುಧೋಳದಲ್ಲಿ ಖಾಸಗಿ ಬಸ್ಸಿನ ಸೀಟು ಬುಕ್ ಮಾಡುವ ಅಂಗಡಿಯಲ್ಲಿ ಕೂತರೆ, ಪ್ರವಾಸೋದ್ಯಮದಲ್ಲಿ ಕೆಲಸ ಸಿಕ್ಕಿತು ಎಂದು ಮೇಲಕ್ಕೆ ಹೇಳುತ್ತಿದ್ದೆವು. ಬಸ್ಸೂ ಪ್ರವಾಸವೇ ತಾನೇ ಎಂದು ಪ್ರಾಂಶುಪಾಲರು ನಗುತ್ತಿದ್ದರು, ನಾನೂ ಜೊತೆಗೆ ನಗುತ್ತಿದ್ದೆ. ಅಂಥ ಹಿರಿಯರು ಸಂತೆಯಲ್ಲಿ ಎದುರಾದರೆ ನಾನು ಪಕ್ಕದ ಬಾಳೆಹಣ್ಣಿನ ಗಾಡಿಗೆ ತಿರುಗಿ ಬೇಡದ ಹಣ್ಣು ಕೊಳ್ಳುತ್ತಿದ್ದೆ.

ಬಾಡಗಂಡಿಯ ಶಿವಾನಂದನ ಕಥೆ ಇಲ್ಲಿ ಹೇಳಬೇಕು. ಕಬ್ಬು ಬೆಳೆಯುವ ಮನೆಯವನು, ಎತ್ತರದ ಹುಡುಗ, ನಾನು ಹೇಳಿದಷ್ಟೂ ಹಲ್ಲು ತೋರಿಸುತ್ತಿದ್ದ. ಗೋವಾದ ಒಂದು ಹೋಟೆಲಿಗೆ ಸೇರಿಸಿ ಬಂದೆ. ತಿಂಗಳು ತುಂಬುವ ಮೊದಲೇ ತಿರುಗಿ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತ. ಏನಾಯಿತು ಎಂದರೆ, ಅತಿಥಿಯೊಬ್ಬ ಇವನ ಕೈಗೆ ನೋಟಿಟ್ಟನಂತೆ. ಇವನು ಹಿಂದಕ್ಕೆ ಕೊಟ್ಟನಂತೆ. ಆತ ಮತ್ತೆ ಕಿಸೆಗೆ ತುರುಕಿದನಂತೆ, ಇವನು ಮತ್ತೆ ಕೊಟ್ಟನಂತೆ. ಕೊನೆಗೆ ಇಬ್ಬರಿಗೂ ಅವಮಾನವಾಗಿ ದನಿ ಏರಿ ಮ್ಯಾನೇಜರು ಬಂದರಂತೆ.

“ಯಾಕಲೇ, ಇಸಗೊಂಡಿದ್ರ ಗಂಟೇನ ಹೋಗ್ತಿತ್ತು?” ಎಂದು ಗದರಿದೆ.

“ಸರ್ರ, ನಾ ಅಂವಗ ನೀರ ಕೊಟ್ಟೇನಿ. ನೀರಿಗಿ ಯಾರರ ರೊಕ್ಕಾ ಇಸಗೋತಾರೇನ್ರಿ? ನಮ್ಮಪ್ಪಗ ಗೊತ್ತಾದ್ರ ಮನಿಯೊಳಗ ತಗೊಳ್ಳಂಗಿಲ್ರಿ.”

‘ಇಂಥ ಹಳ್ಳಿ ಬುದ್ಧಿ ಇಟ್ಟುಕೊಂಡರೆ ಉದ್ಧಾರವಾಗುವುದಿಲ್ಲ’ ಎಂದು ಬೈದು ಕಳಿಸಿದೆ. ಅವನೀಗ ಊರಲ್ಲೇ ಕಬ್ಬಿನ ಲಾರಿಗಳ ಉಸ್ತುವಾರಿ ನೋಡಿಕೊಂಡು ಆರಾಮಾಗಿದ್ದಾನೆ, ಕಂಡಾಗ ನಮಸ್ಕಾರ ಮಾಡುತ್ತಾನೆ. ಅವನಿಂದ ನಾನು ಒಂದು ಪಾಠ ಕಲಿಯಬಹುದಿತ್ತು. ಕಲಿಯಲಿಲ್ಲ, ಅದರ ದಂಡವನ್ನು ಕಟ್ಟಿದ್ದು ಬೇರೆಯವರು.

ಬನಹಟ್ಟಿಯ ಮಹಾದೇವಿ ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಬಂದ ವಿದ್ಯಾರ್ಥಿನಿ. ನೇಕಾರರ ಮನೆಯ ಹುಡುಗಿ. ಮನೆಯಲ್ಲಿ ಪವರ್‌ಲೂಮುಗಳಿದ್ದವು, ತಂದೆ ಸಂಗಪ್ಪನವರು ಸೀರೆ ನೇಯಿಸಿ ರಬಕವಿಯ ವ್ಯಾಪಾರಿಗಳಿಗೆ ಕೊಡುತ್ತಿದ್ದರು. ಮಗ್ಗದ ಸದ್ದಿನಲ್ಲೇ ಬೆಳೆದದ್ದರಿಂದಲೋ ಏನೋ, ಮೈಕಿಲ್ಲದೆ ಇಡೀ ಬಸ್ಸಿಗೆ ಕೇಳುವಂಥ ಗಂಟಲು. ಐಹೊಳೆಗೆ ಶೈಕ್ಷಣಿಕ ಪ್ರವಾಸ ಹೋದಾಗ, ನಾನು ಶಾಸನದ ಮುಂದೆ ನಿಂತು ಇಸವಿಗಳನ್ನು ಒದರುತ್ತಿದ್ದರೆ ಹುಡುಗರು ಒಬ್ಬೊಬ್ಬರೇ ಜಾರಿ ಆಕೆಯ ಸುತ್ತ ನೆರೆದಿದ್ದರು. ಆಕೆ ಕಂಬದ ಮೇಲಿನ ಹೆಂಗಸಿನ ಸೀರೆಯ ನಿರಿಗೆಯನ್ನು ಬೆರಳಿಂದ ತೋರಿಸುತ್ತ, ಈ ಕಲ್ಲು ಕಡೆದವನ ಮನೆಯಲ್ಲಿ ಮಗ್ಗ ಇದ್ದಿರಲೇಬೇಕು ಎಂದು ವಾದಿಸುತ್ತಿದ್ದಳು. ಈ ಹುಡುಗಿಗೆ ಈ ಕೆಲಸ ಸಿಗಲೇಬೇಕು ಎಂದು ಅವತ್ತು ಹಟ ಹುಟ್ಟಿತು. ಇಷ್ಟು ವರ್ಷ ಬಿಟ್ಟ ಬಡಾಯಿಗೆ ಒಂದಾದರೂ ಸಾಕ್ಷಿ ಬೇಕಿತ್ತು ನನಗೆ.

ಮೊದಲು ಈ ಕೋರ್ಸಿಗೆ ಸೇರಿಸಲು ಸಂಗಪ್ಪನವರು ಒಪ್ಪಿರಲಿಲ್ಲ. “ಊರೂರ ತಿರುಗೂ ಕೆಲಸರಿ ಸರ್ರ, ಹೆಣ್ಮಗಳಿಗಿ ಹ್ಯಾಂಗ?” ಎಂದರು. ನಾನು ಅವರ ಪಡಸಾಲೆಯಲ್ಲಿ ಕೂತು ಹೇಳಿದ ಮಾತು ನನಗಿನ್ನೂ ನೆನಪಿದೆ: “ಸಂಗಪ್ಪನವರ, ಬಂದವರನ್ನ ಮನಿ ಬೀಗರಂಗ ನೋಡಿಕೊಳ್ಳೂದ ಈ ಕೆಲಸ. ಅದು ನಿಮ್ಮ ಮನ್ಯಾಗ ದಿನಾ ನಡಿಯೂದ ಐತಿ. ಹೊಸಾದೇನಿಲ್ಲ.” ಒಳಗಿನಿಂದ ಆಕೆಯ ತಾಯಿ ಶಾಂತವ್ವ ಇದನ್ನು ಕೇಳಿಸಿಕೊಂಡು, “ಹಂಗಿದ್ರ ಕಲೀಲಿ ಬಿಡ್ರಿ” ಎಂದರು. ಅಲ್ಲಿಗೆ ಒಪ್ಪಿಗೆ ಆಯಿತು.

ಆಕೆಯ ಕೊನೆಯ ವರ್ಷ ಪುಣೆಯ ಒಂದು ಪ್ರವಾಸ ಸಂಸ್ಥೆಯ ಒಡತಿ ನನಗೆ ಫೋನು ಮಾಡಿದರು. ಅವರ ಬಸ್ಸುಗಳು ನಮ್ಮ ರಸ್ತೆಯಲ್ಲೇ ಬಾದಾಮಿಗೆ ಹೋಗುತ್ತಿದ್ದವು. ದಾರಿಯಲ್ಲಿ ಒಂದು ನೇಕಾರರ ಮನೆ ತೋರಿಸಿ ಅಲ್ಲೇ ಮನೆ ಊಟ ಹಾಕಿಸಿದರೆ ಜನ ಮೆಚ್ಚುತ್ತಾರೆ, ಮರಾಠಿ ಕನ್ನಡ ಎರಡೂ ಬಲ್ಲ ಹುಡುಗಿ ಇದ್ದರೆ ಕೆಲಸಕ್ಕೂ ತೆಗೆದುಕೊಳ್ಳುತ್ತೇನೆ ಎಂದರು. ನಾನು ಕುಣಿದಾಡಿಬಿಟ್ಟೆ. ಮನೆಯೂ ಮಹಾದೇವಿಯದೇ, ಕೆಲಸವೂ ಮಹಾದೇವಿಗೇ. ಒಂದೇ ಕಲ್ಲಿಗೆ ಎರಡು ಕಾಯಿ ಬಿದ್ದವು ಅಂದುಕೊಂಡೆ.

ಆ ಮನೆಯನ್ನು ನಾನು ಹೇಗೆ ಸಿದ್ಧ ಮಾಡಿದೆ ಎಂದು ಹೇಳಲು ಈಗಲೂ ಮುಜುಗರವಾಗುತ್ತದೆ. ಅಟ್ಟದ ಮೇಲೆ ಬಿಚ್ಚಿಟ್ಟಿದ್ದ ಕೈಮಗ್ಗ ಇಳಿಸಿ ಹೂಡಿಸಿದೆ. ಮಂಡಿ ನೋವೆಂದು ವರ್ಷಗಳಿಂದ ಮಗ್ಗದ ಮುಂದೆ ಕೂರದ ಅಜ್ಜಿಯನ್ನು ಇಳಕಲ್ ಸೀರೆ ಉಡಿಸಿ ಅಲ್ಲಿ ಕೂರಿಸಿದೆ. ಟಿವಿಗೆ ಚಾದರ ಮುಚ್ಚಿಸಿದೆ. ಪವರ್‌ಲೂಮುಗಳನ್ನು ಒಂದು ದಿನದ ಮಟ್ಟಿಗೆ ನಿಲ್ಲಿಸಿರಿ ಎಂದೆ.

ಸಂಗಪ್ಪನವರು ಕೇಳಿದರು: “ಅವರು ನೋಡಾಕ ಬರೂದರ ಏನನ್ನರಿ?”

“ನಿಮ್ಮ ಜೀವನಾರಿ.”

“ನಮ್ಮ ಜೀವನಾ ನಡಿಯೂದು ಪವರ್‌ಲೂಮ್ ಮ್ಯಾಲ. ಅದನ್ನ ಬಂದ್ ಮಾಡಂತೀರಿ!” ಎಂದು ನಕ್ಕು, ಆದರೂ ನಿಲ್ಲಿಸಿದರು. ಮಾಸ್ತರರ ಮಾತಿಗೆ ಅಷ್ಟು ಬೆಲೆ.

ಇನ್ನು ಊಟ. ಪ್ರವಾಸಿಗಳು ಕಂಪನಿಗೆ ಕಟ್ಟಿದ ಹಣದಲ್ಲೇ ಈ ಊಟವೂ ಸೇರಿತ್ತು. ಮನೆಯವರಿಗೆಂದು ಒಡತಿ ಒಂದು ಪಾಕೀಟನ್ನು ನನ್ನ ಕೈಗೆ ಮೊದಲೇ ಕೊಟ್ಟಿದ್ದರು. ಮಹಾದೇವಿ ಹಿಂದಿನ ದಿನ ನನ್ನನ್ನು ಕೇಳಿದಳು, “ಸರ್ರ, ಅವ್ವಗ ಹೇಳೂಣೇನ್ರಿ, ಅವರು ರೊಕ್ಕಾ ಕೊಟ್ಟ ಉಣ್ಣಾಕ ಬರಾಕತ್ತಾರಂತ?” ನಾನು ಬೇಡ ಎಂದೆ. ಹೇಳಿದರೆ ಸಂಕೋಚಪಡುತ್ತಾರೆ, ಅಡಿಗೆಯೂ ಕೆಡುತ್ತದೆ, ಎಲ್ಲ ಮುಗಿದ ಮೇಲೆ ಕಾಣಿಕೆ ಎಂದು ನಾನೇ ಕೊಡುತ್ತೇನೆ ಎಂದೆ. ಶಾಂತವ್ವನಿಗೆ ಹೇಳಿದ್ದು ಇಷ್ಟೇ: “ಅಕ್ಕಾರ, ಕಾಲೇಜಿಗೆ ಬೇಕಾದ ಮಂದಿ ಬರಾಕತ್ತಾರ, ಮಹಾದೇವಿ ಕೆಲಸದ ಮಾತೂ ಐತಿ.”

ಮಗಳ ಕೆಲಸಕ್ಕೆಂದು ಬರುವ ಅತಿಥಿಗಳು ಎಂದ ಮೇಲೆ ಕೇಳಬೇಕೆ? ಓಣಿಯ ಹೆಂಗಸರೆಲ್ಲ ಸೇರಿ ಹೋಳಿಗೆ ಬೇಯಿಸಿದರು. ಎಣ್ಣೆಗಾಯಿ, ಹೆಸರುಕಾಳು, ಶೇಂಗಾ ಹಿಂಡಿ, ಒಲೆಯ ಮೇಲಿಂದ ನೇರ ತಟ್ಟೆಗೆ ಬರುವ ಬಿಸಿ ರೊಟ್ಟಿ. ಬಂದವರಿಗೆ ಕಾಲಿಗೆ ನೀರು ಕೊಟ್ಟರು. ಪ್ರವಾಸಿಗಳು ಅಜ್ಜಿಯ ಫೋಟೋ ತೆಗೆದರು, ಮಗ್ಗ ಮುಟ್ಟಿ ನೋಡಿದರು, ಮಹಾದೇವಿ ಮರಾಠಿಯಲ್ಲಿ ಹಾಸು ಹೊಕ್ಕು ಎಲ್ಲ ವಿವರಿಸಿದಳು. ಒಡತಿ ನನ್ನ ಕಡೆ ನೋಡಿ ತಲೆಯಾಡಿಸಿದರು. ನನ್ನ ಇಡೀ ಸೇವೆಯಲ್ಲಿ ಅಷ್ಟು ಹಿಗ್ಗಿದ್ದು ಅದೊಂದೇ ಸಲ.

ಪಂಕ್ತಿಯಲ್ಲಿ ಒಬ್ಬ ಹಿರಿಯ ಹೆಂಗಸು ಕೂತಿದ್ದರು, ಬಹಳ ಒಳ್ಳೆಯವರು. ಶಾಂತವ್ವ ಇನ್ನೊಂದು ಹೋಳಿಗೆ ಹಾಕಲು ಬಗ್ಗಿದಾಗ ಅವರು ಆಕೆಯ ಕೈ ಹಿಡಿದು ಮರಾಠಿಯಲ್ಲಿ ಹೇಳಿದರು: “ಸಾಕು ತಾಯಿ. ನಾವು ಕೊಟ್ಟ ದುಡ್ಡಿಗೆ ಇಷ್ಟು ಊಟ ಬಹಳವಾಯಿತು. ನಮ್ಮಲ್ಲಾದರೆ ಇದಕ್ಕೆ ಎರಡು ಪಟ್ಟು ತೆಗೆದುಕೊಳ್ಳುತ್ತಿದ್ದರು.”

ಮೆಚ್ಚಿ ಆಡಿದ ಮಾತು ಅದು. ಶಾಂತವ್ವನಿಗೆ ಮರಾಠಿ ಬರಲಾರದು ಎಂದು ನಾನು ಒಂದು ಕ್ಷಣ ಆಸೆಪಟ್ಟೆ. ಸೊಲ್ಲಾಪುರ, ಇಚಲಕರಂಜಿಯ ವ್ಯಾಪಾರಿಗಳು ವರ್ಷವಿಡೀ ಬಂದು ಹೋಗುವ ಮನೆ, ಬಾರದೆ ಏನು! ಶಾಂತವ್ವನ ಕೈ ಹೋಳಿಗೆಯ ಸಮೇತ ಅಲ್ಲೇ ನಿಂತಿತು. ಆಮೇಲೆ ಆಕೆ ಆ ಹೋಳಿಗೆಯನ್ನು ಬಡಿಸಿ, ಮೇಲೆ ತುಪ್ಪ ಹಾಕಿ, ಮುಂದಿನವರ ಕಡೆ ಹೋದರು. ಪಂಕ್ತಿ ಮುಗಿಯುವವರೆಗೆ ಒಬ್ಬರಿಗೂ ಒಂದೂ ಕಡಿಮೆ ಮಾಡಲಿಲ್ಲ. ಹೊರಡುವಾಗ ಮುತ್ತೈದೆಯರಿಗೆಲ್ಲ ಕುಪ್ಪಸದ ಖಣ, ತೆಂಗಿನಕಾಯಿ, ಅಕ್ಕಿ ಇಟ್ಟು ಉಡಿ ತುಂಬಿದರು. ಬಸ್ಸಿನವರೆಗೆ ಬಂದು ಕಳಿಸಿಕೊಟ್ಟರು.

ಬಸ್ಸು ಹೋದ ಮೇಲೆ ಪಡಸಾಲೆಯಲ್ಲಿ ನಾವಷ್ಟೇ ಉಳಿದೆವು. ನಾನು ಪಾಕೀಟು ತೆಗೆದೆ. ಸಂಗಪ್ಪನವರು, “ಕಿಸೇದಾಗ ಇಡ್ರಿ ಸರ್ರ” ಎಂದರು. ಅಷ್ಟೇ ಹೇಳಿ ಎದ್ದು ಪವರ್‌ಲೂಮಿನ ಕಡೆ ಹೋದರು.

ಶಾಂತವ್ವ ಮೆಲ್ಲಗೆ ಮಾತಾಡಿದರು. “ಅವರದೇನೂ ತಪ್ಪಿಲ್ಲರಿ. ಖಾನಾವಳಿ ಅಂತ ಬಂದ್ರು, ಉಂಡ್ರು, ಛಲೋ ಆತು ಅಂದ್ರು. ಖಾನಾವಳಿ ನಡಸೂದೂ ತಪ್ಪಲ್ಲ, ನನ್ನ ತಂಗಿ ಮುಧೋಳದಾಗ ಅದನ್ನ ನಡಸ್ತಾಳ. ಆದ್ರ ತಾ ಮಾರಾಕತ್ತೇನಿ ಅನ್ನೂದು ಆಕಿಗಿ ಗೊತ್ತಿರತೈತಿ. ನಾ ಇವತ್ತ ಮಾರೇನಿ, ನನಗ ಗೊತ್ತಿಲ್ಲ. ಓಣ್ಯಾಗಿನ ಹೆಣ್ಮಕ್ಕಳನ್ನ ಕರದ ಹೋಳಿಗಿ ಮಾಡಿಸೇನಿ, ಬೀಗರ ಬರ್ತಾರಂತ. ಅವರಿಗಿ ಏನ ಹೇಳ್ಲಿ?”

ಆಗ ಆಕೆ ಮಗಳ ಕಡೆ ತಿರುಗಿದರು.

“ನಿನಗ ಗೊತ್ತಿತ್ತೇನಬೇ?”

ಮಹಾದೇವಿ ನನ್ನ ಮುಖ ನೋಡಿದಳು. ‘ಅವಳು ಹೇಳಬೇಕೆಂದಿದ್ದಳು, ನಾನೇ ಬೇಡ ಎಂದೆ’ ಎಂದು ಹೇಳಲು ನನಗೆ ಒಂದು ಉಸಿರು ಸಾಕಿತ್ತು. ಆ ಉಸಿರು ನಾನು ಬಿಡಲಿಲ್ಲ. ಅಷ್ಟು ಹೊತ್ತು ನೆಲ ನೋಡುತ್ತ ನಿಂತಿದ್ದೆ. ಮಾಸ್ತರ ಎಂದು ಮಣೆ ಹಾಕಿದ ಮನೆಯಲ್ಲಿ ಸುಳ್ಳುಗಾರನಾಗಿ ನಿಲ್ಲಲು ಅಂಜಿದೆ, ಅಷ್ಟೇ.

“ಗೊತ್ತಿತ್ತವ್ವಾ” ಎಂದಳು ಮಹಾದೇವಿ.

ನನ್ನ ಹೆಸರು ಅವಳು ಎತ್ತಲಿಲ್ಲ. ಶಾಂತವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಕೆಲಸಕ್ಕ ಹೋಗಬ್ಯಾಡ ಅನ್ನೂದಿಲ್ಲ. ಕಲತೀಯಲ್ಲ, ಹೋಗು, ದುಡಿ. ಆದ್ರ ನಿನ್ನ ಗಿರಾಕಿಗೋಳನ್ನ ಈ ಹೊಸ್ತಲಾ ಮಾತ್ರ ದಾಟಿಸಬ್ಯಾಡ” ಎಂದು ಎದ್ದು ಒಳಗೆ ಹೋದರು. ಒಳಗೆ ಪಾತ್ರೆಗಳ ಸದ್ದು ಶುರುವಾಯಿತು. ನಾನು ಚಪ್ಪಲಿ ಮೆಟ್ಟಿ ಹೊರಟೆ, ಮಹಾದೇವಿ ಬಾಗಿಲವರೆಗೂ ಬರಲಿಲ್ಲ.

ಪುಣೆಯವರು ಆಕೆಯನ್ನು ಕೆಲಸಕ್ಕೆ ತೆಗೆದುಕೊಂಡರು. ಕಾಲೇಜಿನಲ್ಲಿ ಪ್ರಾಂಶುಪಾಲರು ಸಭೆ ಕರೆದು ನನ್ನ ಕೊರಳಿಗೆ ಹಾರ ಹಾಕಿದರು. ಈ ಸಲ ಬಸ್ಸಿನ ಬುಕಿಂಗ್ ಅಂಗಡಿಯಲ್ಲ, ಖರೆಖರೆ ಕೆಲಸ ಎಂದು ಅವರೂ ಹಿಗ್ಗಿದ್ದರು. ಅರ್ಥಶಾಸ್ತ್ರದವರು ಬಂದು ಕೈ ಕುಲುಕಿದರು. ಹಾರ ತೆಗೆದಿಟ್ಟ ಮೇಲೂ ಕೊರಳು ತುರಿಸುತ್ತಲೇ ಇತ್ತು. ಅದು ಸೇವಂತಿಗೆಯ ಹುಳದಿಂದ ಎಂದು ಮನೆಯಲ್ಲಿ ಹೇಳಿದೆ.

ಆಮೇಲಿನ ವರ್ಷಗಳಲ್ಲಿ ಪಾಠದ ರೀತಿ ಪೂರಾ ಬದಲಾಯಿತು. ಕಪ್ಪುಹಲಗೆಯ ಟಿಕೆಟ್ಟು ಹೋಗಿ ಪ್ರತಿ ಹುಡುಗನ ಫೋನಿನಲ್ಲೇ ಟಿಕೆಟ್ಟು ಬಂತು. ಅತಿಥಿ ಉಂಡು ಕೈ ತೊಳೆಯುವ ಮೊದಲೇ ನಕ್ಷತ್ರ ಒತ್ತಿ ಅಂಕ ಕೊಡುತ್ತಾನೆ. ಈಗಿನ ಹುಡುಗರು ಎರಡನೆಯ ವರ್ಷಕ್ಕೇ ಹಂಪಿ, ಗೋವಾಕ್ಕೆ ತರಬೇತಿಗೆ ಹೋಗಿ ಬರುತ್ತಾರೆ, ನನಗಿಂತ ಹೆಚ್ಚು ನೋಡಿರುತ್ತಾರೆ. ಒಳ್ಳೆಯದೇ. ಆದರೆ ನನ್ನ ಜಾಗಕ್ಕೆ ಬಂದ ಹೊಸ ಅಧ್ಯಾಪಕಿ ಮೊನ್ನೆ ಮನೆಗೆ ಬಂದು, “ಸರ್, ನೇಕಾರರ ಮನೆಗಳಲ್ಲಿ ಹೋಮ್‌ಸ್ಟೇ ಯೋಜನೆ ಮಾಡುತ್ತಿದ್ದೇವೆ, ಹೇಗೆ ಶುರು ಮಾಡಲಿ?” ಎಂದು ಕೇಳಿದಾಗ ನಾನು ಒಂದೇ ಮಾತು ಹೇಳಿದೆ. ಬೆಲೆಯನ್ನು ಮೊದಲು ಒಲೆಯ ಮುಂದೆ ಕೂತು ಹೇಳಿರಿ, ಆಮೇಲೆ ಪ್ರವಾಸಿಗೆ ಹೇಳಿರಿ. ಅವರು ಬರೆದುಕೊಂಡರು. ಈ ಬುದ್ಧಿ ನಿಮಗೆ ಎಲ್ಲಿಂದ ಬಂತು ಎಂದು ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ, ಕೇಳಲಿಲ್ಲ.

ನಿವೃತ್ತಿಯ ನಂತರ ಒಮ್ಮೆ ಮಿರಜಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅದು ಹೇಗೋ ಗೊತ್ತಾಗಿ ಮಹಾದೇವಿ ಫೋನು ಮಾಡಿದಳು. “ಸರ್ರ, ನಾಳೆ ನಮ್ಮ ಬಸ್ ಅಲ್ಲಿಂದನ ಬರತೈತಿ. ಜಮಖಂಡಿತನಕಾ ನಮ್ಮ ಜೋಡೀನ ಬರ್ರಿ. ನಾ ಹ್ಯಾಂಗ ಕೆಲಸಾ ಮಾಡತೇನಿ ಒಮ್ಮೆ ನೋಡ್ರಿ.” ದನಿಯಲ್ಲಿ ಮುನಿಸು ಎಳ್ಳಷ್ಟೂ ಇರಲಿಲ್ಲ. ಅದು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೋದೆ. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಎಲ್ಲರಿಗೂ “ಇವರು ನನ್ನ ಗುರುಗಳು” ಎಂದು ಪರಿಚಯಿಸಿದಳು. ಜನ ಚಪ್ಪಾಳೆ ತಟ್ಟಿದರು. ಕುಡಚಿಯ ಬಳಿ ಕೃಷ್ಣೆ ದಾಟುವಾಗ ಹೊಳೆಯ ಬಗ್ಗೆ ಎಷ್ಟು ಚೆಂದ ಮಾತಾಡಿದಳೆಂದರೆ ಮಲಗಿದ್ದವರೂ ಎದ್ದು ಕಿಟಕಿಗೆ ಬಂದರು. ಹಲ್ಲು ತೋರಿಸುವ ನಗೆಯಲ್ಲ, ಅವಳದೇ ನಗೆ. ನನ್ನ ವಿದ್ಯಾರ್ಥಿಗಳಲ್ಲಿ ಈ ಕೆಲಸಕ್ಕೆಂದೇ ಹುಟ್ಟಿದವಳು ಇವಳೊಬ್ಬಳು. ಇವಳನ್ನು ಈ ಬಸ್ಸಿಗೆ ಹತ್ತಿಸಿದವನು ನಾನೇ ಎಂದು, ನಿಜ ಹೇಳುತ್ತೇನೆ, ಸ್ವಲ್ಪ ಹೆಮ್ಮೆಯೂ ಆಯಿತು.

ತೇರದಾಳ ದಾಟಿ ರಬಕವಿ ಬಂತು, ಹಿಂದೆಯೇ ಬನಹಟ್ಟಿ. ಕಿಟಕಿಗಳಿಂದ ಮಗ್ಗದ ಸದ್ದು ಒಳಗೆ ನುಗ್ಗಿತು. ಅಂಗಡಿಗಳ ಮುಂದೆ ಸೀರೆಗಳು ತೂಗುತ್ತಿದ್ದವು. ಹಿಂದಿನ ಸೀಟಿನಿಂದ ಒಬ್ಬ ಹೆಂಗಸು ಎದ್ದು ನಿಂತು ಕೇಳಿದರು, ಇದು ಯಾವ ಊರು, ಈ ಸದ್ದು ಎಂಥದು, ಒಂದು ಹತ್ತು ನಿಮಿಷ ಇಳಿದು ಯಾರದಾದರೂ ಮನೆಯಲ್ಲಿ ನೇಯುವುದನ್ನು ನೋಡಬಹುದೇ ಎಂದು.

ಬಸ್ಸು ಶಾಂತವ್ವನ ಮನೆಯ ಓಣಿಯ ಬಾಯಿಗೇ ಬಂದಿತ್ತು. ಮಹಾದೇವಿ ಆ ಕಡೆ ಕಣ್ಣು ಹಾಯಿಸಲಿಲ್ಲ. ಮೈಕನ್ನು ಬಾಯಿಯ ಹತ್ತಿರ ತಂದು, ಅದೇ ಸ್ಪಷ್ಟ ಮರಾಠಿಯಲ್ಲಿ, ಅದೇ ನಗೆಯಲ್ಲಿ ಹೇಳಿದಳು:

“ಇಲ್ಲಿ ನೋಡುವಂಥದ್ದು ಏನೂ ಇಲ್ಲ.”